ಜಗತ್ತು ರೂಪುಗೊಳ್ಳುವ ಬಗೆ, ಬದಲಾಗುವ ಬಗೆ: ಪದೇ ಪದೇ ಕೇಳುವ ಪ್ರಶ್ನೆಗಳು

ಮಾತುಕತೆಗಳಲ್ಲಿ, ಪತ್ರಗಳಲ್ಲಿ ಮತ್ತೆ ಮತ್ತೆ ಎದುರಾದ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಲ್ಲಿ ಜೋಡಿಸಿದ್ದೇವೆ. ಸುಲಭದವು ಮೊದಲು, ತೊಡಕಿನವು ಆಮೇಲೆ. ಪ್ರತಿ ಉತ್ತರವನ್ನೂ ಬಿಡಿಯಾಗಿ ಓದಿಕೊಳ್ಳಬಹುದು. ಒಂದು ಮಾತು ಮಾತ್ರ ಎಲ್ಲ ಕಡೆಯೂ ಹಾದುಹೋಗುತ್ತದೆ: ‘ಇದು ಹೇಗೆ ಆಯಿತು’ ಎಂಬುದು ನೋಡಲು ಒಂದೇ ಪ್ರಶ್ನೆ, ಒಳಗೆ ನಾಲ್ಕೈದು ಪ್ರಶ್ನೆಗಳಿವೆ. ಒಂದಕ್ಕೆ ಕೊಡಬೇಕಾದ ಉತ್ತರವನ್ನು ಇನ್ನೊಂದಕ್ಕೆ ಕೊಟ್ಟಾಗಲೇ ಹೆಚ್ಚಿನ ಗೊಂದಲ ಹುಟ್ಟುವುದು.

## ಮೊದಲ ಪ್ರಶ್ನೆಗಳು

ಏನೂ ಇಲ್ಲದ ಕಡೆಯಿಂದ ಏನಾದ್ರೂ ಹುಟ್ಟೋದು ಸಾಧ್ಯಾನಾ?

ಸಾಧ್ಯವಿಲ್ಲ ಎಂದೇ ಹೆಚ್ಚಿನ ತತ್ತ್ವಪರಂಪರೆಗಳು ಹೇಳುತ್ತವೆ. ಛಾಂದೋಗ್ಯ ಉಪನಿಷತ್ತಿನ 6ನೇ ಅಧ್ಯಾಯದಲ್ಲಿ ಉದ್ದಾಲಕ ಆರುಣಿ ಮಗ ಶ್ವೇತಕೇತುವಿಗೆ ಹಾಕುವ ಪ್ರಶ್ನೆಯೇ ಇದು: ಅಸತ್ತಿನಿಂದ (ಇಲ್ಲದ್ದರಿಂದ) ಸತ್ತು (ಇರುವುದು) ಹೇಗೆ ಹುಟ್ಟೀತು? ಗ್ರೀಕ್ ಚಿಂತಕ ಪಾರ್ಮೆನಿಡೀಸ್ ಹಿಡಿದದ್ದೂ ಇದೇ ಎಳೆಯನ್ನು. ಆದರೆ ಇಬ್ಬರೂ ತಲುಪಿದ ಜಾಗ ಬೇರೆ. ಬದಲಾವಣೆ ಎಂದರೆ ಇಲ್ಲದ್ದು ಇದೆಯಾಗುವುದು, ಅದು ಆಗದ ಮಾತು, ಆದ್ದರಿಂದ ಬದಲಾವಣೆಯೇ ಇಲ್ಲ ಎಂದ ಪಾರ್ಮೆನಿಡೀಸ್. ಉದ್ದಾಲಕ ಅಷ್ಟು ದೂರ ಹೋಗಲಿಲ್ಲ. ಇರುವ ಒಂದೇ ಹಲವಾಯಿತು ಎಂದ. ಮೂಲ ಸರಕು ಉಳಿಯುತ್ತದೆ, ರೂಪ ಮಾತ್ರ ಬೇರೆಯಾಗುತ್ತದೆ ಎಂಬ ಈ ಎರಡನೇ ದಾರಿಯಲ್ಲೇ ಮುಂದಿನ ಬಹುಪಾಲು ಚಿಂತನೆ ನಡೆದಿದೆ.

‘ಕ್ವಾಂಟಂ ನಿರ್ವಾತದಿಂದ ಕಣಗಳು ಹುಟ್ಟುತ್ತವಲ್ಲ’ ಎಂಬ ಆಕ್ಷೇಪ ತಪ್ಪದೆ ಬರುತ್ತದೆ. ಆ ನಿರ್ವಾತ ಶೂನ್ಯವಲ್ಲ. ಅಲ್ಲಿ ಕ್ಷೇತ್ರಗಳಿವೆ, ಅವುಗಳಿಗೆ ಅತಿ ಕಡಿಮೆ ಶಕ್ತಿಯ ಸ್ಥಿತಿ ಇದೆ, ಅವು ಪಾಲಿಸುವ ನಿಯಮಗಳಿವೆ. ತತ್ತ್ವಶಾಸ್ತ್ರ ಕೇಳುತ್ತಿರುವ ‘ಏನೂ ಇಲ್ಲ’ದಲ್ಲಿ ಈ ಮೂರೂ ಇರಬಾರದು.

ಮಣ್ಣಲ್ಲಿ ಮಡಕೆ ಮೊದಲೇ ಇತ್ತು ಅಂತಾರೆ. ಹಾಗಾದ್ರೆ ಕುಂಬಾರ ಯಾತಕ್ಕೆ?

ಹೀಗೆ ಹೇಳುವುದು ಸಾಂಖ್ಯ ದರ್ಶನದವರ ಸತ್ಕಾರ್ಯವಾದ: ಕಾರ್ಯ, ಅಂದರೆ ಆಗುವ ವಸ್ತು, ತನ್ನ ಕಾರಣದಲ್ಲಿ ಮೊದಲೇ ಇರುತ್ತದೆ. ಈಶ್ವರಕೃಷ್ಣನ ಸಾಂಖ್ಯಕಾರಿಕೆಯ 9ನೇ ಕಾರಿಕೆ ಇದಕ್ಕೆ ಐದು ಕಾರಣ ಕೊಡುತ್ತದೆ. ಇಲ್ಲದ್ದನ್ನು ಮಾಡಲಾಗದು, ಪ್ರತಿ ಕಾರ್ಯಕ್ಕೂ ಅದಕ್ಕೆ ತಕ್ಕ ಉಪಾದಾನವನ್ನೇ (ಮೂಲ ಸರಕನ್ನೇ) ಹುಡುಕುತ್ತೇವೆ, ಎಲ್ಲದರಿಂದ ಎಲ್ಲವೂ ಹುಟ್ಟುವುದಿಲ್ಲ, ಶಕ್ತಿಯುಳ್ಳದ್ದು ತನ್ನಿಂದ ಆಗುವುದನ್ನಷ್ಟೇ ಮಾಡುತ್ತದೆ, ಕಾರ್ಯ ಕಾರಣದ ಸ್ವರೂಪದ್ದೇ ಆಗಿರುತ್ತದೆ. ಕುಂಬಾರನ ಕೆಲಸ ಹೊಸದನ್ನು ಹುಟ್ಟಿಸುವುದಲ್ಲ, ಅವ್ಯಕ್ತವಾಗಿದ್ದದ್ದನ್ನು ವ್ಯಕ್ತಪಡಿಸುವುದು.

ನ್ಯಾಯ ದರ್ಶನದವರಾದ ನೈಯಾಯಿಕರು ಬಿಡಲಿಲ್ಲ. ಆ ಅಭಿವ್ಯಕ್ತಿ ಮೊದಲೇ ಇತ್ತೋ ಇಲ್ಲವೋ ಎಂದು ಕೇಳಿದರು. ಇತ್ತು ಎಂದರೆ ಕುಂಬಾರ ದಂಡ. ಇರಲಿಲ್ಲ ಎಂದರೆ ಇಲ್ಲದ್ದೊಂದು ಹುಟ್ಟಿತು ಎಂದು ಸಾಂಖ್ಯರೇ ಒಪ್ಪಿದ ಹಾಗಾಯಿತು. ಹುಟ್ಟುವ ಮುಂಚೆ ಮಡಕೆಗೆ ಇರುವುದು ಪ್ರಾಗಭಾವ (ಹುಟ್ಟುವ ಮೊದಲಿನ ಇಲ್ಲದಿರುವಿಕೆ), ಮಡಕೆ ನಿಜವಾಗಿಯೂ ಹೊಸ ವಸ್ತು ಎಂಬುದು ಅವರ ಆರಂಭವಾದ.

ನಮ್ಮ ಅಭಿಪ್ರಾಯ ಕೇಳಿದರೆ, ಐದರಲ್ಲಿ ನಡುವಿನ ಮೂರು ಗಟ್ಟಿಯಾಗಿವೆ. ಆದರೆ ಅವು ತೋರಿಸಿಕೊಡುವುದು ಒಂದು ನಿರ್ಬಂಧವನ್ನು ಮಾತ್ರ: ಮಣ್ಣಿನಿಂದ ಆಗುವ ರೂಪಗಳಿಗೆ ಒಂದು ಎಲ್ಲೆ ಇದೆ. ಎಲ್ಲೆ ಇದೆ ಎಂದಾಕ್ಷಣ ಎಲ್ಲೆಯೊಳಗಿನ ರೂಪಗಳೆಲ್ಲ ಆಗಲೇ ಅಡಗಿ ಕೂತಿವೆ ಎಂದಾಗುವುದಿಲ್ಲ. ಈ ಜಿಗಿತವನ್ನು ಇವತ್ತಿನ ಬರಹಗಳಲ್ಲೂ ಕಾಣಬಹುದು. ಇಡೀ ದೇಹ ವಂಶವಾಹಿಯಲ್ಲಿ ಮೊದಲೇ ಬರೆದಿದೆ ಎನ್ನುವವರು ಸತ್ಕಾರ್ಯವಾದವನ್ನೇ ಹೊಸ ಹೆಸರಿನಲ್ಲಿ ಹೇಳುತ್ತಿರುತ್ತಾರೆ.

ಕಾರಣ ಅಂದ್ರೆ ಒಂದು ಸಾಲದಾ? ಮೂರು, ನಾಲ್ಕು ಅಂತ ಯಾಕೆ ಎಣಿಸ್ತಾರೆ?

ಒಂದನ್ನೇ ಹಿಡಿದರೆ ಏನೋ ಬಿಟ್ಟುಹೋಗುತ್ತದೆ, ಅದಕ್ಕೆ. ನ್ಯಾಯ-ವೈಶೇಷಿಕರ ಲೆಕ್ಕದಲ್ಲಿ ಬಟ್ಟೆಗೆ ಮೂರು ಕಾರಣ. ನೂಲು ಸಮವಾಯಿ ಕಾರಣ, ಅಂದರೆ ಸರಕು; ನೂಲುಗಳ ಪರಸ್ಪರ ಸಂಯೋಗ ಅಸಮವಾಯಿ ಕಾರಣ; ನೇಯುವವನು, ಮಗ್ಗ, ಲಾಳಿ ಇವೆಲ್ಲ ನಿಮಿತ್ತ ಕಾರಣ. ಅರಿಸ್ಟಾಟಲ್ ನಾಲ್ಕು ಎಣಿಸಿದ: ದ್ರವ್ಯ, ರೂಪ, ಕರ್ತೃ, ಉದ್ದೇಶ. ಎರಡೂ ಪಟ್ಟಿಗಳನ್ನು ಒಂದಕ್ಕೊಂದು ಸಮ ಎಂದು ಹೊಂದಿಸಲು ಹೋಗಬೇಡಿ. ಅಸಮವಾಯಿ ಕಾರಣ ಅರಿಸ್ಟಾಟಲನ ‘ರೂಪ’ದ ಹತ್ತಿರ ಸುಳಿಯುತ್ತದೆಯೇ ಹೊರತು ಅದೇ ಅಲ್ಲ.

ಹೆಚ್ಚು ಜನ ಮರೆಯುವುದು ಈ ಅಸಮವಾಯಿ ಕಾರಣವನ್ನೇ. ವಜ್ರ, ಗ್ರಾಫೈಟ್ ಎರಡೂ ಬರೀ ಇಂಗಾಲ. ವಜ್ರದಲ್ಲಿ ಪ್ರತಿ ಪರಮಾಣು ನಾಲ್ಕು ನೆರೆಪರಮಾಣುಗಳಿಗೆ ಬಿಗಿದುಕೊಂಡಿದೆ. ಗ್ರಾಫೈಟ್‌ನಲ್ಲಿ ಮೂರಕ್ಕೆ ಬಿಗಿದು ಹಾಳೆಯಾಗಿದೆ, ಹಾಳೆಗಳ ನಡುವಿನ ಹಿಡಿತ ಸಡಿಲ. ಒಂದು ಗಾಜನ್ನು ಕೊಯ್ಯುತ್ತದೆ, ಇನ್ನೊಂದು ಕಾಗದದ ಮೇಲೆ ಸವೆಯುತ್ತದೆ. ‘ಇದು ಯಾವುದರಿಂದ ಆಗಿದೆ’ ಎಂಬುದಕ್ಕೆ ಪೂರ್ತಿ ಸರಿಯಾದ ಉತ್ತರ ಕೊಟ್ಟ ಮೇಲೂ ಈ ವ್ಯತ್ಯಾಸದ ಬಗ್ಗೆ ಏನೂ ಹೇಳಿದಂತಾಗಲಿಲ್ಲ.

ಜಗತ್ತಿಗೆ ಈ ವಿಂಗಡಣೆಯನ್ನು ಅನ್ವಯಿಸಿದಾಗ ವೇದಾಂತಗಳೂ ಇಲ್ಲೇ ಕವಲೊಡೆಯುತ್ತವೆ. ಶಂಕರರಿಗೂ ರಾಮಾನುಜರಿಗೂ ಬ್ರಹ್ಮವೇ ಉಪಾದಾನ, ಬ್ರಹ್ಮವೇ ನಿಮಿತ್ತ. ಮಧ್ವರಿಗೆ ಪರಮಾತ್ಮ ನಿಮಿತ್ತ ಕಾರಣ ಮಾತ್ರ, ಉಪಾದಾನ ಪ್ರಕೃತಿ, ಅಂದರೆ ಜಡ ಮೂಲ.

ಪರಿಣಾಮ, ವಿವರ್ತ ಎರಡೂ ಬದಲಾವಣೆನೇ ಅಲ್ವಾ?

ಪರಿಣಾಮದಲ್ಲಿ ಮೂಲ ನಿಜವಾಗಿಯೂ ಬದಲಾಗುತ್ತದೆ, ವಿವರ್ತದಲ್ಲಿ ಬದಲಾದ ಹಾಗೆ ಕಾಣುತ್ತದೆ ಅಷ್ಟೇ. ಬೇರ್ಪಡಿಸಲು ಸರಳ ಪರೀಕ್ಷೆಯೊಂದಿದೆ: ತಿಳಿವಳಿಕೆ ಬಂದ ಮಾತ್ರಕ್ಕೆ ಮೊದಲಿನ ಸ್ಥಿತಿ ಸಿಗುತ್ತದೆಯೇ? ಹಗ್ಗದಲ್ಲಿ ಕಂಡ ಹಾವು ಬೆಳಕು ತಂದೊಡನೆ ಇಲ್ಲವಾಗುತ್ತದೆ. ಅದು ವಿವರ್ತ. ಮೊಸರಾದ ಹಾಲನ್ನು ಯಾವ ಜ್ಞಾನವೂ ಹಾಲು ಮಾಡದು. ಅದು ಪರಿಣಾಮ. ಪರಿಣಾಮವಾದದ ತೊಡಕು, ಮೂಲವೇ ಕೆಡುತ್ತದೆ ಎಂಬುದು. ರಾಮಾನುಜರು ಬದಲಾವಣೆಯನ್ನು ಬ್ರಹ್ಮದ ಶರೀರವಾದ ಚಿತ್-ಅಚಿತ್ತುಗಳ (ಚೇತನ-ಜಡಗಳ) ಮೇಲೆ ಹೊರಿಸಿ ಇದನ್ನು ದಾಟುತ್ತಾರೆ. ವಿವರ್ತವಾದದ ತೊಡಕು ಬೇರೆ: ತಪ್ಪಾಗಿ ಕಂಡದ್ದು ಯಾರಿಗೆ, ಆ ತಪ್ಪು ಎಲ್ಲಿಂದ ಬಂತು ಎಂಬುದಕ್ಕೆ ಉತ್ತರ ಬೇಕಾಗುತ್ತದೆ.

ಬದಲಾದ ಮೇಲೂ ಅದೇ ವಸ್ತು ಅನ್ನೋದು ಯಾವ ಧೈರ್ಯದ ಮೇಲೆ?

ಮೂರು ನಿಲುವುಗಳಿವೆ. ಹಿಂದೆ ಒಂದು ದ್ರವ್ಯ ಉಳಿದೇ ಇರುತ್ತದೆ ಎಂಬುದು ಒಂದು. ಏನೂ ಉಳಿಯದು, ಒಂದು ಕ್ಷಣದ ಸ್ಥಿತಿ ಮುಂದಿನ ಕ್ಷಣದ್ದಕ್ಕೆ ಕಾರಣವಾಗಿ ಅಳಿಯುತ್ತದೆ, ಆ ಸಾಲನ್ನೇ ನಾವು ‘ವಸ್ತು’ ಎನ್ನುತ್ತೇವೆ ಎಂಬುದು ಬೌದ್ಧರ ಕ್ಷಣಿಕವಾದ. ಇರುವಿಕೆಯೆಂದರೇ ಉತ್ಪಾದ, ವ್ಯಯ, ಧ್ರೌವ್ಯ (ಹುಟ್ಟು, ಅಳಿವು, ಉಳಿವು) ಮೂರೂ ಒಟ್ಟಿಗೆ ಇರುವುದು ಎಂಬುದು ಜೈನರದ್ದು. ಜೈನರ ಸೂತ್ರವನ್ನು ರಾಜಿ ಎಂದು ತಳ್ಳಿಹಾಕುವವರಿದ್ದಾರೆ. ಅದು ಅನ್ಯಾಯ. ಯಾವ ಬದಲಾವಣೆಯನ್ನು ವಿವರಿಸುವಾಗಲೂ ‘ಏನು ಬಂತು, ಏನು ಹೋಯಿತು, ಏನು ಉಳಿಯಿತು’ ಎಂದು ಮೂರು ಸಾಲು ಬರೆಯಿರಿ. ಒಂದು ಸಾಲು ಖಾಲಿ ಉಳಿದರೆ ವಿವರಣೆ ಅರ್ಧವಾಗಿದೆ ಎಂದೇ ತಿಳಿಯಿರಿ.

## ರೂಪ ಹುಟ್ಟುವ ಬಗೆ

ಎಲ್ಲ ಸರಿಯಾಗಿದ್ರೂ ಕೆಲವು ಸಲ ಏನೂ ಆಗಲ್ಲ. ಯಾಕೆ?

ಆಗಬಲ್ಲದು ಎಂಬುದಕ್ಕೂ ಆಗುತ್ತದೆ ಎಂಬುದಕ್ಕೂ ನಡುವೆ ಒಂದು ತಡೆ ಇರುತ್ತದೆ. ನೀರು 0 ಡಿಗ್ರಿ ಸೆಲ್ಸಿಯಸ್‌ನಲ್ಲಿ ಹೆಪ್ಪುಗಟ್ಟುತ್ತದೆ ಎಂದು ಓದಿರುತ್ತೇವೆ. ಆದರೆ ಕಶ್ಮಲವಿಲ್ಲದ ಸಣ್ಣ ಸಣ್ಣ ಹನಿಗಳು ಸುಮಾರು ಮೈನಸ್ 38 ಡಿಗ್ರಿವರೆಗೂ ದ್ರವವಾಗಿಯೇ ಉಳಿಯಬಲ್ಲವು. ಮಂಜಿನ ಪುಟ್ಟ ಹರಳೊಂದು ಮೊಳೆತಾಗ ಒಳಭಾಗದಿಂದ ಶಕ್ತಿಯ ಲಾಭ, ಹೊರಮೈಯಿಂದ ನಷ್ಟ. ಹರಳು ತೀರಾ ಚಿಕ್ಕದಿದ್ದಾಗ ಮೈಯ ನಷ್ಟವೇ ಹೆಚ್ಚು, ಹಾಗಾಗಿ ಅದು ಕರಗಿಹೋಗುತ್ತದೆ. ಒಂದು ನಿರ್ದಿಷ್ಟ ಗಾತ್ರ ದಾಟಿದರೆ ಮಾತ್ರ ಬೆಳೆಯುತ್ತದೆ. ಧೂಳಿನ ಕಣವೊಂದು ಸಿಕ್ಕರೆ ಅದರ ಮೇಲೆ ಕೂತು ಈ ಗಾತ್ರವನ್ನು ಬೇಗ ಮುಟ್ಟುತ್ತದೆ.

ಆದ್ದರಿಂದ ‘ಕಾರಣ’ ಎನ್ನುವಾಗ ಉಷ್ಣತೆಯಂಥ ಸ್ಥಿತಿಯನ್ನು ಹೇಳುತ್ತಿದ್ದೇವೋ, ಧೂಳಿನಂಥ ಪ್ರಚೋದಕವನ್ನೋ ನೋಡಿಕೊಳ್ಳಬೇಕು. ಇತಿಹಾಸದ ದೊಡ್ಡ ಘಟನೆಗಳ ಬಗ್ಗೆ ನಡೆಯುವ ಜಗಳಗಳಲ್ಲಿ ಬಹಳಷ್ಟು ಸಲ ಒಬ್ಬರು ಸ್ಥಿತಿಯನ್ನೂ ಇನ್ನೊಬ್ಬರು ಪ್ರಚೋದಕವನ್ನೂ ಹಿಡಿದಿರುತ್ತಾರೆ. ಇಬ್ಬರೂ ಸರಿ.

ಎಲ್ಲ ದಿಕ್ಕೂ ಸಮ ಇದ್ದಾಗ ಒಂದೇ ದಿಕ್ಕಿಗೆ ಯಾಕೆ ವಾಲುತ್ತೆ?

ಸಮತೆ ನಿಯಮದಲ್ಲಿ ಇರಬಹುದು, ಸ್ಥಿತಿಯಲ್ಲಿ ಉಳಿಯಲೇಬೇಕೆಂದಿಲ್ಲ. ಕಬ್ಬಿಣವನ್ನು 770 ಡಿಗ್ರಿ ಸೆಲ್ಸಿಯಸ್‌ಗಿಂತ ಮೇಲೆ ಕಾಯಿಸಿದರೆ ಅದರ ಪರಮಾಣು ಕಾಂತಗಳು ಎಲ್ಲ ದಿಕ್ಕಿಗೂ ಚದುರಿರುತ್ತವೆ. ಆರಿಸಿದರೆ ನೆರೆಹೊರೆಯ ಕಾಂತಗಳು ಒಂದೇ ದಿಕ್ಕಿಗೆ ತಿರುಗಿ ಗುಂಪು ಕಟ್ಟುತ್ತವೆ. ಯಾವ ದಿಕ್ಕು ಎಂದು ನಿಯಮ ಹೇಳುವುದಿಲ್ಲ. ಒಂದು ದಿಕ್ಕು ಬೇಕು ಎಂದಷ್ಟೇ ಹೇಳುತ್ತದೆ. ಉಳಿದದ್ದನ್ನು ಆ ಗಳಿಗೆಯ ಚಿಕ್ಕ ಅಲುಗಾಟ ತೀರ್ಮಾನಿಸುತ್ತದೆ.

ಸಾಂಖ್ಯದಲ್ಲೂ ಸೃಷ್ಟಿ ಶುರುವಾಗುವುದು ಸತ್ತ್ವ, ರಜಸ್ಸು, ತಮಸ್ಸುಗಳ ಸಾಮ್ಯಾವಸ್ಥೆ ಕದಡಿದಾಗ. ಅಲ್ಲಿಂದ ಮಹತ್ (ಬುದ್ಧಿ), ಅಹಂಕಾರ, ಮನಸ್ಸು, ಐದೈದು ಜ್ಞಾನೇಂದ್ರಿಯ-ಕರ್ಮೇಂದ್ರಿಯಗಳು, ಐದು ತನ್ಮಾತ್ರೆ (ಶಬ್ದ, ಸ್ಪರ್ಶದಂಥ ಸೂಕ್ಷ್ಮ ಮೂಲಗಳು), ಐದು ಮಹಾಭೂತ; ಜಡ ಮೂಲವಾದ ಪ್ರಕೃತಿ, ಚೇತನನಾದ ಪುರುಷ ಸೇರಿ 25 ತತ್ತ್ವ. ಕದಡಿದ್ದು ಯಾಕೆಂದರೆ ಪುರುಷನ ಸನ್ನಿಧಿಯಿಂದ ಎನ್ನುತ್ತಾರೆ. ಹೊರಗಿನದೊಂದು ಬೇಕೇ ಬೇಕು ಎಂಬ ಈ ಊಹೆಯನ್ನು ಮರುಪರಿಶೀಲಿಸಬಹುದು. ಸಾಮ್ಯ ಅಸ್ಥಿರವಾಗಿದ್ದರೆ ಅದನ್ನು ಕೆಡಿಸಲು ಹೊರಗಿನವರು ಬೇಕಿಲ್ಲ. ಮಹಾಸ್ಫೋಟದ ಸುಮಾರು 3,80,000 ವರ್ಷಗಳ ನಂತರದ ಬೆಳಕಿನಲ್ಲಿ ಉಷ್ಣತೆಯ ಏರುಪೇರು ಲಕ್ಷಕ್ಕೆ ಒಂದರಷ್ಟು ಮಾತ್ರ. ದಟ್ಟಣೆಯ ಅಷ್ಟು ಚಿಕ್ಕ ಏರುಪೇರುಗಳನ್ನೇ ಗುರುತ್ವ ಕೋಟ್ಯಂತರ ವರ್ಷ ಬೆಳೆಸಿ ನಕ್ಷತ್ರಮಂಡಲಗಳನ್ನು ಮಾಡಿತು.

ಎಂಟ್ರೊಪಿ ಹೆಚ್ಚುತ್ತಲೇ ಇರುತ್ತೆ ಅಂದ್ಮೇಲೆ ಇಷ್ಟೊಂದು ವ್ಯವಸ್ಥೆ ಎಲ್ಲಿಂದ ಬಂತು?

ಎಂಟ್ರೊಪಿ, ಅಂದರೆ ಚದುರುವಿಕೆಯ ಅಳತೆ, ಕಡಿಮೆಯಾಗಬಾರದು ಎಂಬ ನಿಯಮ ಹೊರಗಿನ ಜೊತೆ ಯಾವ ಕೊಡುಕೊಳ್ಳುವಿಕೆಯೂ ಇಲ್ಲದ ಕಡೆಗೆ ಮಾತ್ರ. ಭೂಮಿ ಅಂಥದ್ದಲ್ಲ. ಸೂರ್ಯನ ಮೇಲ್ಮೈ ಸುಮಾರು 5,800 ಕೆಲ್ವಿನ್. ಭೂಮಿ ಶಾಖವನ್ನು ಹೊರಚೆಲ್ಲುವುದು ಸರಾಸರಿ 255 ಕೆಲ್ವಿನ್‌ನಲ್ಲಿ. ಬಂದಷ್ಟೇ ಶಕ್ತಿ ಹೆಚ್ಚುಕಡಿಮೆ ಹೊರಹೋಗುತ್ತದೆ, ಆದರೆ ಒಳಬಂದ ಒಂದು ಫೋಟಾನಿಗೆ (ಬೆಳಕಿನ ಕಣಕ್ಕೆ) ಹೊರಹೋಗುವುದು ಸುಮಾರು 20 ಫೋಟಾನು. ಆ ಚದುರುವಿಕೆಯ ಲೆಕ್ಕದಲ್ಲಿ ಇಲ್ಲಿನ ವ್ಯವಸ್ಥೆಗೆ ಜಾಗ ಸಿಗುತ್ತದೆ.

ಜಾಗ ಸಿಕ್ಕರೆ ಸಾಲದು, ರೂಪವೂ ಬರಬೇಕು. ಎರಡು ಗಟ್ಟಿ ತಟ್ಟೆಗಳ ನಡುವೆ ತೆಳುವಾದ ದ್ರವ ಇಟ್ಟು ಕೆಳಗಿನಿಂದ ಕಾಯಿಸಿ. ಮೊದಮೊದಲು ಶಾಖ ಸುಮ್ಮನೆ ಮೇಲೆ ಹಾಯುತ್ತದೆ, ದ್ರವ ಮಿಸುಕುವುದಿಲ್ಲ. ತೇಲುವ ಒತ್ತಡಕ್ಕೂ ತಡೆಯುವ ಸ್ನಿಗ್ಧತೆ-ಶಾಖವಹನಗಳಿಗೂ ಇರುವ ಅನುಪಾತ, ಅಂದರೆ ರೇಲೀ ಸಂಖ್ಯೆ, ಸುಮಾರು 1,708 ದಾಟಿದೊಡನೆ ದ್ರವ ಸಾಲುಸಾಲು ಉರುಳೆಗಳಾಗಿ ಸುತ್ತತೊಡಗುತ್ತದೆ. ಉರಿ ಆರಿಸಿದರೆ ಉರುಳೆಗಳೂ ಇಲ್ಲ. ಹರಳು ಹಾಗಲ್ಲ, ಅದನ್ನು ಪೆಟ್ಟಿಗೆಯಲ್ಲಿಟ್ಟು ಮರೆತರೂ ಹರಳೇ. ಹರಿವು ನಿಂತರೆ ಅಳಿಯುವ ರೂಪಗಳಿಗೆ ಇಲ್ಯಾ ಪ್ರಿಗೊಜಿನ್ ಒಂದು ಸಿದ್ಧಾಂತವನ್ನೇ ಕಟ್ಟಿ 1977ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಪಡೆದ. ಬಿರುಗಾಳಿ, ಜೀವಕೋಶ, ನಗರ ಈ ಗುಂಪಿಗೆ ಸೇರುತ್ತವೆ. ಇವನ್ನು ಹರಳಿನ ಹಾಗೆ ‘ಒಮ್ಮೆ ಆಯಿತು, ಇನ್ನು ಇರುತ್ತದೆ’ ಎಂದು ಭಾವಿಸಿದರೆ ಲೆಕ್ಕ ತಪ್ಪುತ್ತದೆ. ಇವು ಯಾಕೆ ಹುಟ್ಟಿದವು ಎಂಬುದರ ಜೊತೆಗೆ ಯಾಕೆ ಇನ್ನೂ ಅಳಿದಿಲ್ಲ ಎಂದೂ ಕೇಳಬೇಕು.

ಬೇಕಾದ ಸಾಮಗ್ರಿ ಎಲ್ಲ ಮೊದಲೇ ಇತ್ತಲ್ಲ, ಮತ್ತೆ ಇಷ್ಟು ಕಾಲ ಯಾಕೆ ಹಿಡೀತು?

ಸಾಮಗ್ರಿ ಇತ್ತು, ಮೆಟ್ಟಿಲು ಇರಲಿಲ್ಲ. ಮೊದಲ ಕೆಲವು ನಿಮಿಷಗಳಲ್ಲಿ ವಿಶ್ವ ತೂಕದಲ್ಲಿ ಸುಮಾರು 75% ಹೈಡ್ರೋಜನ್, 25% ಹೀಲಿಯಂ ಆಗಿ ನಿಂತುಬಿಟ್ಟಿತು. ಯಾಕೆಂದರೆ ದ್ರವ್ಯರಾಶಿ ಸಂಖ್ಯೆ (ಪ್ರೋಟಾನು, ನ್ಯೂಟ್ರಾನುಗಳ ಒಟ್ಟು ಎಣಿಕೆ) 5 ಮತ್ತು 8 ಇರುವ ಸ್ಥಿರ ಬೀಜಕೇಂದ್ರವೇ ಇಲ್ಲ. ಎರಡು ಹೀಲಿಯಂ ಕೂಡಿದರೆ ಆಗುವ ಬೆರಿಲಿಯಂ-8 ಸೆಕೆಂಡಿನ ಲಕ್ಷ ಕೋಟಿಯಲ್ಲೊಂದು ಪಾಲಿಗಿಂತಲೂ ಬಹಳ ಕಡಿಮೆ ಹೊತ್ತಿನಲ್ಲಿ ಒಡೆಯುತ್ತದೆ. ಅಷ್ಟರೊಳಗೆ ಮೂರನೇ ಹೀಲಿಯಂ ಬಂದು ಬಡಿಯಬೇಕು. ಅದಕ್ಕೆ ಸುಮಾರು 10 ಕೋಟಿ ಡಿಗ್ರಿ ಶಾಖವೂ ಒತ್ತಾದ ದಟ್ಟಣೆಯೂ ದೀರ್ಘಕಾಲ ಬೇಕು. ಹಿಗ್ಗುತ್ತಾ ತಣಿಯುತ್ತಿದ್ದ ವಿಶ್ವದಲ್ಲಿ ಅವು ಒಟ್ಟಿಗೆ ಸಿಗಲಿಲ್ಲ, ನಕ್ಷತ್ರಗಳ ಗರ್ಭದಲ್ಲಿ ಸಿಕ್ಕವು. ಇಷ್ಟಾದರೂ ಇಂಗಾಲ ಸಾಕಷ್ಟು ಆಗದು, ಅದರ ಬೀಜಕೇಂದ್ರದಲ್ಲಿ ಅನುಕೂಲಕರ ಶಕ್ತಿಮಟ್ಟವೊಂದು ಇರಲೇಬೇಕು ಎಂದು ಫ್ರೆಡ್ ಹಾಯ್ಲ್ 1953ರಲ್ಲಿ ಮುಂಗಂಡ, 7.65 ಎಂಇವಿ (ಮಿಲಿಯನ್ ಎಲೆಕ್ಟ್ರಾನ್ ವೋಲ್ಟ್, ಕಣಮಟ್ಟದ ಶಕ್ತಿಯ ಅಳತೆ) ಬಳಿ ಅದು ಪ್ರಯೋಗದಲ್ಲಿ ಸಿಕ್ಕಿತು.

ರೂಪ ಸಾಧ್ಯವಿದ್ದರೆ ಸಾಲದು, ಅಲ್ಲಿಗೆ ಹೋಗುವ ದಾರಿಯ ಪ್ರತಿ ನಡುಘಟ್ಟವೂ ಮುಂದಿನ ಹೆಜ್ಜೆ ಇಡುವಷ್ಟು ಹೊತ್ತು ಬಾಳಬೇಕು. ಜೀವಿಗಳಿಗೂ ಇದೇ ಕಟ್ಟಳೆ.

ವಿಕಾಸ ಅಂದ್ರೆ ಮೇಲಕ್ಕೆ ಏರೋದು ತಾನೇ?

ಅಲ್ಲ. ನೈಸರ್ಗಿಕ ಆಯ್ಕೆ ನಡೆಯಲು ಮೂರು ಸಾಕು: ವ್ಯಕ್ತಿವ್ಯಕ್ತಿಗೆ ವ್ಯತ್ಯಾಸ, ಆ ವ್ಯತ್ಯಾಸ ಮರಿಗಳಿಗೆ ದಾಟುವುದು, ಅದರಿಂದ ಮರಿಗಳ ಸಂಖ್ಯೆಯಲ್ಲಿ ಹೆಚ್ಚುಕಡಿಮೆ. ‘ಮೇಲೆ’ ಎಂಬುದು ಈ ಮೂರರಲ್ಲಿ ಎಲ್ಲೂ ಇಲ್ಲ. ಗುಹೆಯ ಕತ್ತಲಲ್ಲಿ ಉಳಿದ ಮೀನುಗಳು ಕಣ್ಣು ಕಳೆದುಕೊಂಡದ್ದೂ ವಿಕಾಸವೇ. ಮೂರರಲ್ಲಿ ಒಂದು ತಪ್ಪಿದರೂ ಆಯ್ಕೆ ನಿಲ್ಲುತ್ತದೆ, ಹಾಗಾಗಿ ನಕ್ಷತ್ರಗಳ ಅಥವಾ ವಿಶ್ವದ ‘ವಿಕಾಸ’ ಎಂದಾಗ ಅದು ಡಾರ್ವಿನ್ನನ ಅರ್ಥದಲ್ಲಲ್ಲ, ಬರೀ ಬೆಳವಣಿಗೆ ಎಂಬ ಅರ್ಥದಲ್ಲಿ.

## ಇನ್ನಷ್ಟು ಆಳಕ್ಕೆ

ವಸ್ತು ಮೊದಲಾ, ಸಂಬಂಧ ಮೊದಲಾ?

ಮೊದಲು ವಸ್ತುಗಳು, ಆಮೇಲೆ ಅವುಗಳ ನಡುವೆ ಸಂಬಂಧ ಎಂಬ ಅಭ್ಯಾಸ ನಮಗಿದೆ. ಅದನ್ನು ಅಲುಗಿಸುವ ಎರಡು ಸಂಗತಿ ನೋಡಿ. ಒಂಟಿ ನ್ಯೂಟ್ರಾನಿನ ಅರ್ಧಾಯು ಸುಮಾರು 10 ನಿಮಿಷ; ಹೀಲಿಯಂ ಬೀಜಕೇಂದ್ರದೊಳಗೆ ಅದೇ ನ್ಯೂಟ್ರಾನ್ ಅಳಿಯುವುದೇ ಇಲ್ಲ. ಬಾಳುವುದು, ಬಾಳದಿರುವುದು ಅದರ ಸ್ವಂತ ಗುಣವಲ್ಲ ಎಂದಾಯಿತು. ಇನ್ನು ಪ್ರೋಟಾನು: ಶಕ್ತಿಯ ಅಳತೆಯಲ್ಲಿ ಹೇಳಿದರೆ ಅದರ ದ್ರವ್ಯರಾಶಿ 938 ಎಂಇವಿ, ಒಳಗಿನ ಮೂರು ಕ್ವಾರ್ಕ್‌ಗಳದ್ದು ಕೂಡಿಸಿದರೆ 10ರ ಆಸುಪಾಸು. ಉಳಿದದ್ದೆಲ್ಲ ಕ್ವಾರ್ಕ್‌ಗಳ ಚಲನೆ ಮತ್ತು ಅವನ್ನು ಬಿಗಿದಿರುವ ಕ್ಷೇತ್ರದ ಶಕ್ತಿ.

ಬೌದ್ಧ ಚಿಂತಕ ನಾಗಾರ್ಜುನ ಇದನ್ನು ತರ್ಕದಿಂದ ವಾದಿಸಿದ: ಯಾವ ವಸ್ತುವೂ ತನ್ನಿಂದಲೇ ಹುಟ್ಟದು, ಪರದಿಂದ ಹುಟ್ಟದು, ಎರಡರಿಂದಲೂ ಹುಟ್ಟದು, ಕಾರಣವಿಲ್ಲದೆಯೂ ಹುಟ್ಟದು, ಆದ್ದರಿಂದ ಸ್ವಂತ ಸ್ವಭಾವವೆಂಬುದೇ ಇಲ್ಲ, ಇರುವುದು ಪ್ರತೀತ್ಯಸಮುತ್ಪಾದ, ಅಂದರೆ ಬೇರೆಯದನ್ನು ಅವಲಂಬಿಸಿ ಹುಟ್ಟುವುದು. ಪ್ರೋಟಾನಿನ ಲೆಕ್ಕ ನಾಗಾರ್ಜುನನನ್ನು ಸಾಬೀತು ಮಾಡುವುದಿಲ್ಲ, ಏಕೆಂದರೆ ಕ್ಷೇತ್ರಕ್ಕಾದರೂ ಸ್ವಭಾವ ಇದೆ ಎಂದು ಭೌತಶಾಸ್ತ್ರಜ್ಞ ವಾದಿಸಬಹುದು. ‘ಗಟ್ಟಿ ಸರಕು ಮೊದಲು’ ಎಂಬ ನಂಬಿಕೆಯನ್ನು ಮಾತ್ರ ಅದು ದುರ್ಬಲಗೊಳಿಸುತ್ತದೆ.

ಎಲ್ಲವೂ ಕಣಗಳೇ ಅಂದ್ಮೇಲೆ ಮೇಲಿನ ಮಟ್ಟಕ್ಕೆ ಬೇರೆ ನಿಯಮ ಯಾಕೆ?

ಇಲ್ಲಿ ಎರಡು ಹೇಳಿಕೆಗಳು ಕಲಸಿಹೋಗಿವೆ. ಎಲ್ಲವನ್ನೂ ಬಿಡಿಸಿ ಮೂಲ ನಿಯಮಗಳಿಗೆ ಇಳಿಸಬಹುದು ಎಂಬುದು ಒಂದು. ಆ ನಿಯಮಗಳಿಂದ ಶುರುಮಾಡಿ ಎಲ್ಲವನ್ನೂ ಮತ್ತೆ ಕಟ್ಟಬಹುದು ಎಂಬುದು ಇನ್ನೊಂದು. ಮೊದಲನೆಯದನ್ನು ಒಪ್ಪಿದರೂ ಎರಡನೆಯದು ಬರುವುದಿಲ್ಲ ಎಂದು ಫಿಲಿಪ್ ಆಂಡರ್ಸನ್ 1972ರಲ್ಲಿ ತೋರಿಸಿದ. ಒಂದು ನೀರಿನ ಅಣುವಿಗೆ ಕುದಿಯುವ ಬಿಂದು ಇಲ್ಲ. ಅದು ಗುಂಪಿನ ಗುಣ. ಬಿಡಿಯಲ್ಲಿಲ್ಲದ ಗುಣ ಗುಂಪಿನಲ್ಲಿ ಕಾಣಿಸಿಕೊಳ್ಳುವುದಕ್ಕೆ ಉದ್ಭವ ಎನ್ನುತ್ತಾರೆ. ಇದು ದುರ್ಬಲ ಉದ್ಭವ, ಇದರಲ್ಲಿ ಪವಾಡವೇನಿಲ್ಲ. ಕೆಳಗಿನ ಮಟ್ಟ ಪೂರ್ತಿ ತಿಳಿದರೂ ತತ್ತ್ವತಃ ಊಹಿಸಲಾಗದ್ದು ಹುಟ್ಟುತ್ತದೆ ಎಂಬುದು ಪ್ರಬಲ ಉದ್ಭವ. ಪ್ರಜ್ಞೆಯ ವಿಷಯದಲ್ಲಿ ಅಂಥದ್ದಿದೆ ಎನ್ನುವವರು ದುರ್ಬಲದ ಉದಾಹರಣೆ ಕೊಟ್ಟು ಪ್ರಬಲದ ತೀರ್ಮಾನ ಹೇಳುವುದುಂಟು. ಅಲ್ಲಿ ಅವರನ್ನು ನಿಲ್ಲಿಸಿ.

ಹಾಗಾದ್ರೆ ಮುಂದಾಗೋದೆಲ್ಲ ಮೊದಲೇ ತೀರ್ಮಾನ ಆಗಿಬಿಟ್ಟಿದೆಯಾ?

ಎಲ್ಲ ಕಣಗಳ ಸ್ಥಾನ-ವೇಗ ಬಲ್ಲ ಬುದ್ಧಿಯೊಂದಿದ್ದರೆ ಅದಕ್ಕೆ ಭವಿಷ್ಯವೂ ಕಣ್ಣೆದುರೇ ಇದ್ದೀತು ಎಂದು ಲಾಪ್ಲಾಸ್ 1814ರಲ್ಲಿ ಬರೆದ. ಎಡ್ವರ್ಡ್ ಲೊರೆನ್ಜ್ 1963ರಲ್ಲಿ ತೋರಿಸಿದ್ದು ಬೇರೆ ಸಂಗತಿ: ಮೂರೇ ಸಮೀಕರಣಗಳಿರುವ, ಪೂರ್ತಿ ನಿರ್ಧರಿತವಾದ ವ್ಯವಸ್ಥೆಯಲ್ಲೂ ಆರಂಭದ ಅತಿ ಚಿಕ್ಕ ವ್ಯತ್ಯಾಸ ಬೇಗ ಬೇಗ ದೊಡ್ಡದಾಗಿ ಊಹೆ ಕೆಡುತ್ತದೆ. ಎಲ್ಲವೂ ಮೊದಲೇ ನಿಗದಿಯಾಗಿದೆ ಎಂಬ ನಿರ್ಧಾರವಾದವನ್ನು ಇದು ಒಡೆಯುವುದಿಲ್ಲ, ಮುನ್ಸೂಚನೆಯನ್ನು ಒಡೆಯುತ್ತದೆ. ನಿರ್ಧಾರವಾದವನ್ನೇ ಪ್ರಶ್ನಿಸುವುದು ಕ್ವಾಂಟಂ ಅಳತೆ. ಅದರಲ್ಲೂ ಒಮ್ಮತವಿಲ್ಲ, ಡೇವಿಡ್ ಬೋಮ್‌ನ ವ್ಯಾಖ್ಯಾನ ಪೂರ್ತಿ ನಿರ್ಧರಿತವೇ.

ನಿಯಮಗಳೇ ಕಾಲಕ್ಕೆ ತಕ್ಕಂತೆ ಬದಲಾಗಿದ್ರೆ?

ಕೇಳಬೇಕಾದ ಪ್ರಶ್ನೆ, ಅಳೆದು ನೋಡಬಹುದಾದ ಪ್ರಶ್ನೆ ಕೂಡ. ಎಮ್ಮಿ ನೋಯ್ತರ್ 1918ರಲ್ಲಿ ಸಾಧಿಸಿದ ಪ್ರಮೇಯದ ಪ್ರಕಾರ ನಿಯಮಗಳು ಇಂದು-ನಾಳೆ ಒಂದೇ ಆಗಿದ್ದರೆ ಶಕ್ತಿ ಸಂರಕ್ಷಣೆಯಾಗುತ್ತದೆ. ಅಂದರೆ ‘ಏನೂ ಕಳೆಯದು’ ಎಂಬ ಹಳೆಯ ನಂಬಿಕೆ ನಿಂತಿರುವುದು ಕಾಲದಲ್ಲಿನ ಸಮತೆಯ ಮೇಲೆ. ಗ್ಯಾಬನ್ ದೇಶದ ಓಕ್ಲೋದಲ್ಲಿ ಸುಮಾರು 200 ಕೋಟಿ ವರ್ಷಗಳ ಹಿಂದೆ ಯುರೇನಿಯಂ ಅದಿರಿನಲ್ಲಿ ತಾನಾಗಿಯೇ ಬೀಜಕೇಂದ್ರ ವಿದಳನ ನಡೆದಿತ್ತು. 1972ರಲ್ಲಿ ಅದು ಬೆಳಕಿಗೆ ಬಂತು. ಅಲ್ಲಿ ಉಳಿದ ಸಮೇರಿಯಂ ಐಸೊಟೋಪುಗಳ ಪ್ರಮಾಣವನ್ನು ಲೆಕ್ಕಹಾಕಿದರೆ, ವಿದ್ಯುತ್ಕಾಂತೀಯ ಬಲದ ಗಾತ್ರ ಹೇಳುವ ಸ್ಥಿರಾಂಕ ಅಂದಿನಿಂದ ಇಂದಿಗೆ ಬದಲಾಗಿದ್ದರೂ ಅದು ಕೋಟಿಯಲ್ಲಿ ಕೆಲವು ಪಾಲನ್ನು ಮೀರದು.

ಉಪನಿಷತ್ತು ಹೇಳಿದ್ದನ್ನೇ ಕ್ವಾಂಟಂ ಭೌತಶಾಸ್ತ್ರ ಹೇಳ್ತಿದೆ ಅಲ್ವಾ?

ಇಲ್ಲ. ಪ್ರಶ್ನೆ ಒಂದೇ ಇರಬಹುದು, ಉತ್ತರ ಪರೀಕ್ಷಿಸುವ ವಿಧಾನ ಬೇರೆ. ಒಂದು ಸಿದ್ಧಾಂತ ಇನ್ನೊಂದರ ಹಾಗೇ ಕಂಡರೆ ಹೀಗೆ ಮಾಡಿ: ಎರಡನ್ನೂ ಹೋಲುವ ಪದ ಬಳಸದೆ ಬರೆಯಿರಿ, ಪ್ರತಿಯೊಂದೂ ಏನನ್ನು ಆಗದು ಎನ್ನುತ್ತದೆ ಎಂದು ಪಟ್ಟಿಮಾಡಿ, ನಿಷೇಧಗಳ ಪಟ್ಟಿ ಹೊಂದುತ್ತದೆಯೇ ನೋಡಿ. ಏನನ್ನೂ ನಿಷೇಧಿಸದ ಸಿದ್ಧಾಂತ ಎಲ್ಲದರ ಜೊತೆಗೂ ಹೊಂದುತ್ತದೆ, ಅದೇ ಅದರ ದೋಷ.

ಕಡೆಗೆ, ಏನೂ ಇಲ್ಲದಿರೋ ಬದಲು ಏನಾದ್ರೂ ಯಾಕಿದೆ?

ಲೈಬ್ನಿಜ್ 1714ರಲ್ಲಿ ಈ ಪ್ರಶ್ನೆಯನ್ನು ಹೀಗೇ ಕೇಳಿದ. ಅವನಿಗೆ ಆಧಾರ ಸಾಕಷ್ಟು ಕಾರಣದ ತತ್ತ್ವ: ಹೀಗೇ ಇರಲು, ಬೇರೆ ರೀತಿ ಇರದಿರಲು ಕಾರಣವಿಲ್ಲದೆ ಯಾವುದೂ ಇಲ್ಲ. ಇದಕ್ಕೆ ಬಂದಿರುವ ಉತ್ತರಗಳು ಮೂರು ಬಗೆ. ಇರದಿರಲು ಸಾಧ್ಯವೇ ಇಲ್ಲದ್ದೊಂದು ಇದೆ, ಉಳಿದದ್ದು ಅದರಿಂದ ಎಂಬುದು ಲೈಬ್ನಿಜ್‌ನದ್ದು. ಜಗತ್ತು ಇದೆ, ಅಷ್ಟೇ, ಅದಕ್ಕೆ ಕಾರಣ ಕೇಳುವಂತಿಲ್ಲ ಎಂಬುದು 1948ರ ರೇಡಿಯೊ ಚರ್ಚೆಯಲ್ಲಿ ಬರ್ಟ್ರಂಡ್ ರಸೆಲ್ ಹಿಡಿದ ಪಟ್ಟು. ಮೂರನೆಯದು ಉತ್ತರವನ್ನು ತೆರೆದೇ ಇಡುತ್ತದೆ. ಋಗ್ವೇದದ 10ನೇ ಮಂಡಲದ 129ನೇ ಸೂಕ್ತ ಏಳು ಮಂತ್ರಗಳಲ್ಲಿ ಸೃಷ್ಟಿಯ ಬಗ್ಗೆ ಕೇಳುತ್ತಾ ಹೋಗಿ, ಪರಮ ವ್ಯೋಮದಲ್ಲಿರುವ ಅಧ್ಯಕ್ಷನಿಗೆ ಗೊತ್ತಿದ್ದೀತು, ಅಥವಾ ಅವನಿಗೂ ಗೊತ್ತಿಲ್ಲದಿದ್ದೀತು ಎಂದು ನಿಲ್ಲಿಸುತ್ತದೆ.

ಮೊದಲ ಉತ್ತರದ ಬಲಹೀನತೆ ಎಲ್ಲಿದೆಯೆಂದರೆ, ಕಾರಣದ ತತ್ತ್ವವನ್ನು ಪೂರ್ತಿ ಒಪ್ಪಿದರೆ ಎಲ್ಲವೂ ಅನಿವಾರ್ಯವಾಗಿಬಿಡುತ್ತದೆ, ಆಕಸ್ಮಿಕಕ್ಕೆ ಜಾಗ ಉಳಿಯದು. ಎರಡನೆಯದರದ್ದು, ಎಲ್ಲಿ ಕೇಳುವುದನ್ನು ನಿಲ್ಲಿಸಬೇಕು ಎಂಬುದಕ್ಕೆ ಅದು ಅಳತೆಗೋಲು ಕೊಡುವುದಿಲ್ಲ. ಇಡೀ ಜಗತ್ತಿಗೆ ಕಾರಣ ಬೇಡವೆಂದರೆ ನಾಳೆ ಇನ್ನಾವುದಕ್ಕೋ ಬೇಡ ಎನ್ನುವವನನ್ನು ತಡೆಯುವುದು ಕಷ್ಟ.